ಪಾದ್ರಿಯೋ ಮೂಗನೋ

ಗಂಗಾಧರಸ್ವಾಮಿ ನಂಜನಗೂಡಿನ ಅಂಗಡಿ ಬೀದಿಯಲ್ಲಿ ಹಗ್ಗ ಮಾರುತ್ತಿದ್ದ. ದನ ಕಟ್ಟುವ ಹಗ್ಗ, ಬಾವಿ ಹಗ್ಗ, ಮೂಗುದಾರ, ಕೊರಳ ಗಂಟೆ, ಈಚೆಗೆ ಲಾರಿಯವರು ಕೇಳುವ ನೈಲಾನ್ ಹಗ್ಗ. ಊರು ಚಿಕ್ಕಯ್ಯನಛತ್ರ, ಅಂಗಡಿ ಅಪ್ಪನಿಂದ ಬಂದದ್ದು. ಎರಡು ಕೈ ಅಗಲಿಸಿ ಮಾರು ಲೆಕ್ಕದಲ್ಲಿ ಹಗ್ಗ ಅಳೆಯುವಾಗ ಅವನ ಬಾಯಿ ಸುಮ್ಮನಿದ್ದದ್ದೇ ಇಲ್ಲ. ಕೊಳ್ಳಲು ಬಂದವನ ಊರು ಯಾವುದು, ಹಸು ಕರು ಹಾಕಿತೋ, ಬಾವಿಯಲ್ಲಿ ನೀರು ಎಲ್ಲಿದೆ ಎಂದೆಲ್ಲ ಕೇಳುತ್ತಿದ್ದ. ಒಂದಕ್ಕೆ ಉತ್ತರ ಬರುವ ಮೊದಲೇ ಇನ್ನೊಂದು ಕೇಳಿರುತ್ತಿದ್ದ. ಬೀದಿಯ ಈ ತುದಿಯಲ್ಲಿ ಕೂತೇ ಆ ತುದಿಯ ಹೋಟೆಲಿಗೆ ಕೂಗಿ ಕಾಫಿ ಹೇಳುವಂಥ ಗಂಟಲು ಅವನದು. ನಡುವಿನ ಅಂಗಡಿಯವರು ತಮಗೂ ಒಂದೊಂದು ಸೇರಿಸಿ ಹೇಳು ಅನ್ನುತ್ತಿದ್ದರು.

ಕಾಂತರಾಜು ನರಸೀಪುರದವನು. ಅಲ್ಲಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಇಬ್ಬರೂ ಸ್ನೇಹಿತರಾದದ್ದು ಹತ್ತಿರದ ಹಳ್ಳಿ ಹೆಡತಲೆಯ ನಾಟಕದ ತಂಡದಲ್ಲಿ. ಅಲ್ಲಿ ಹಾರ್ಮೋನಿಯಂ ಚಿಕ್ಕಸ್ವಾಮಿ ಮೇಷ್ಟ್ರು ತಾವೇ ಬರೆದು, ತಾವೇ ರಾಗ ಹಾಕಿ, ವರ್ಷವರ್ಷವೂ ಕಲಿಸುತ್ತಿದ್ದ ನಾಟಕ ಒಂದೇ. ಒಬ್ಬ ಮುದಿ ಪಾಳೇಗಾರ, ಯುದ್ಧಕ್ಕೆ ಹೋದ ಅವನ ಮಗ, ಆ ಮಗ ಸತ್ತ ಸುದ್ದಿಯನ್ನು ಹೊತ್ತು ತರುವ ದಳವಾಯಿ. ದಳವಾಯಿಯ ಪಾರ್ಟು ಗಂಗಾಧರಸ್ವಾಮಿಯದು. ಸುದ್ದಿ ಹೇಳುವ ಆ ಒಂದು ಸೀನಿಗಾಗಿಯೇ ಸುತ್ತಲ ಹಳ್ಳಿಗಳಿಂದ ಜನ ಬರುತ್ತಿದ್ದರು. ಹುಡುಗ ಹೇಗೆ ಕುದುರೆ ಹತ್ತಿದ, ಹೇಗೆ ನುಗ್ಗಿದ, ಹೇಗೆ ಬಿದ್ದ ಎಂದು ಹಾಡಿ ಮುಗಿಸುವಷ್ಟರಲ್ಲಿ ‘ಒನ್ಸ್ ಮೋರ್’ ಎಂಬ ಕೂಗು ಎದ್ದಿರುತ್ತಿತ್ತು. ಸತ್ತ ಹುಡುಗ ಮತ್ತೆ ಕುದುರೆ ಹತ್ತಬೇಕಾಗುತ್ತಿತ್ತು. ಪಾಳೇಗಾರನ ಪಾರ್ಟಿನವನು ಅಷ್ಟು ಹೊತ್ತೂ ಸಿಂಹಾಸನದ ಮೇಲೆ ಕೂತು, ತನ್ನ ಹಾಡು ಯಾವಾಗ ಬರುತ್ತದೋ ಎಂದು ಎಲೆಅಡಿಕೆ ಜಗಿಯುತ್ತಿದ್ದ. ಕಾಂತರಾಜು ಎಂದೂ ಬಣ್ಣ ಹಚ್ಚಿದವನಲ್ಲ. ಪರದೆಯ ಪಕ್ಕ ನಿಂತು, ಮರೆತವರಿಗೆ ಮಾತು ಎತ್ತಿಕೊಡುವುದು ಅವನ ಕೆಲಸ.

ಆ ತಂಡದಲ್ಲಿ ಒಂದು ಕಟ್ಟುಪಾಡು ಇತ್ತು. ಪ್ರಾಕ್ಟೀಸಿನಲ್ಲಿ ಯಾರೂ ಯಾರನ್ನೂ ಹೊಗಳುವಂತಿಲ್ಲ. ಬೈಯಬಹುದು, ಅಣಕಿಸಬಹುದು, ಎದ್ದು ಹೋಗು ಅನ್ನಬಹುದು. ಹೊಗಳುವುದೇನಿದ್ದರೂ ನಾಟಕ ಮುಗಿದು ಬಣ್ಣ ಅಳಿಸಿದ ಮೇಲೆ. ಮೊದಲೇ ಹೊಗಳಿದರೆ ಪಾರ್ಟು ಹಳಸುತ್ತದೆ ಎಂದು ಮೇಷ್ಟ್ರು ನಂಬಿದ್ದರು. ಹೊಸದಾಗಿ ಸೇರಿದವನೊಬ್ಬ ಬಾಯಿ ತಪ್ಪಿ “ಚೆಂದಾಗಿತ್ತು ಸಾ” ಎಂದದ್ದಕ್ಕೆ ಹಾರ್ಮೋನಿಯಂ ಮುಚ್ಚಿ ಮನೆಗೆ ಹೋಗಿದ್ದರು. ಕಾಂತರಾಜು ಈ ಕಟ್ಟುಪಾಡನ್ನು ಮೊದಮೊದಲು ನಗುತ್ತ ಪಾಲಿಸಿದ. ಆಮೇಲೆ ಅದು ಅವನಿಗೂ ಅಭ್ಯಾಸವಾಯಿತು.

ಆ ಸಿನಿಮಾ ನೋಡಿದ್ದು ಕಾಂತರಾಜುವಿನ ಮನೆಯಲ್ಲಿ. ಮಗಳು ನಯನ ಹೊಸ ಟೀವಿಗೆ ಏನೇನೋ ಜೋಡಿಸಿಕೊಟ್ಟು ಹೋಗಿದ್ದಳು. ನರಸೀಪುರಕ್ಕೆ ಮದುವೆಗೆಂದು ಬಂದಿದ್ದ ಗಂಗಾಧರಸ್ವಾಮಿ ಊಟ ಮುಗಿಸಿ, ಬಾಯಲ್ಲಿ ಬೀಡಾ ಇಟ್ಟುಕೊಂಡೇ ಬಂದು ಸೋಫಾದ ಮೇಲೆ ಕೂತ. ಕೌಬಾಯ್ ಪಿಕ್ಚರ್ ಎಂದರೆ ಅವನಿಗೆ ಪ್ರಾಣ. ಓಡುವ ಕುದುರೆಯ ಕೊರಳಿಗೆ ಹಗ್ಗ ಬೀಸುವುದನ್ನು ಎಷ್ಟು ಸಲ ಬೇಕಾದರೂ ನೋಡುತ್ತಿದ್ದ. ಆದರೆ ಇದು ಬೇರೆಯೇ ತರಹದ್ದು. ಹೀರೋ ಏರಿ ಬಂದದ್ದು ಹೇಸರಗತ್ತೆಯ ಮೇಲೆ. ಗೋಡೆಗೆ ತೂಗುಹಾಕಿದ್ದ ಬಂದೂಕು ಕೊನೆಯವರೆಗೂ ಕೆಳಗಿಳಿಯಲಿಲ್ಲ.

“ಇದ್ಯಾವ್ ಪಿಚ್ಚರ್ ಆಕಿದ್ದೀಯಲಾ ಕಾಂತ. ಕುದ್ರೆನೂ ಓಡ್ಸಲ್ಲ, ಗುಂಡೂ ಆರ್ಸಲ್ಲ. ಕತ್ತೆ ಮೇಲೆ ಕೂತ್ಕಂಡು ಸಂತೆಗೆ ಓಯ್ತಾವ್ನಾ ಇವ್ನು?”

“ಸುಮ್ನೆ ನೋಡ್ಲಾ.”

ಅದರಲ್ಲಿ ಇಬ್ಬರು ನಾಯಕರು. ಒಬ್ಬ ಕರಿ ಕೋಟು ಹಾಕಿಕೊಂಡು ಊರೂರು ಅಲೆಯುವ, ಇಗರ್ಜಿ ಬಿಟ್ಟು ಬಂದ ಪಾದ್ರಿ. ಇನ್ನೊಬ್ಬ ಬಯಲಿನಲ್ಲಿ ಒಂಟಿ ಮನೆ ಮಾಡಿಕೊಂಡು ಕುರಿ ಸಾಕುವ ಮುದುಕ. ಪಕ್ಕದ ಊರಿನಲ್ಲಿ ಮುದುಕನ ಮಗನನ್ನು ಯಾರೋ ಕಳ್ಳನೆಂದು ತಪ್ಪು ತಿಳಿದು ನೇಣು ಹಾಕಿದ್ದಾರೆ. ಆ ಸುದ್ದಿ ಹೇಳಲು ಪಾದ್ರಿ ಬಂದಿದ್ದಾನೆ. ಅರ್ಧ ಸಿನಿಮಾ ಅದೇ. ಪಾದ್ರಿ ಮಾತಾಡುತ್ತಾನೆ, ಮುದುಕ ಮೆಟ್ಟಿಲ ಮೇಲೆ ಕೂತು ಕೇಳುತ್ತಾನೆ. ಪಾದ್ರಿ ಹೇಳಿ ಮುಗಿಸಿದ ಮೇಲೆ ಕ್ಯಾಮೆರಾ ಮುದುಕನ ಮುಖಕ್ಕೆ ಬಂದು ನಿಂತಿತು. ನಿಂತೇ ಇತ್ತು. ಮುದುಕ ತುಟಿ ಬಿಚ್ಚಲಿಲ್ಲ.

ಗಂಗಾಧರಸ್ವಾಮಿ ಸೋಫಾದ ಅಂಚಿಗೆ ಸರಿದ. ಅವನ ಮುಖ ನೋಡಿ ಕಾಂತರಾಜುವಿಗೆ ಏನೋ ಆಗಿದೆ ಅನ್ನಿಸಿತು.

“ಕಾಂತ, ಮಾತು ಮರ್ತ್‌ಬುಟ್ಟವ್ನೆ ಕಣ್ಲಾ ಪಾಪ,” ಎಂದ ಮೆಲ್ಲಗೆ. “ಯಾರಾರೂ ಎತ್ಕೊಡ್ಬಾರ್ದಾ?”

ಯಾರೂ ಎತ್ತಿಕೊಡಲಿಲ್ಲ. ಆಗ ಅವನೇ ಟೀವಿಯ ಕಡೆ ಬಾಗಿ, ಅಂಗಡಿ ಬೀದಿಯ ಗಂಟಲಿನಲ್ಲಿ, “‘ಆ ಮಗನೇ’ ಅನ್ನಯ್ಯಾ” ಎಂದು ತಮ್ಮ ನಾಟಕದ ಪಾಳೇಗಾರನ ಮಾತನ್ನು ಎತ್ತಿಕೊಟ್ಟ. ಕಾಂತರಾಜುವಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು. ಅಡಿಗೆಮನೆಯಿಂದ ಹೆಂಡತಿ ಸುನೀತಾ ಗಾಬರಿಯಾಗಿ ಓಡಿಬಂದಳು.

ಸಿನಿಮಾದ ಹೆಸರು ಇಬ್ಬರಿಗೂ ಮರೆತುಹೋಯಿತು. ಅದು ಹೇಸರಗತ್ತೆ ಪಿಕ್ಚರ್ ಎಂದೇ ಉಳಿಯಿತು. ನಟರ ಹೆಸರೂ ನೆನಪಿನಲ್ಲಿ ನಿಲ್ಲದೆ ಒಬ್ಬ ಪಾದ್ರಿಯಾದ, ಇನ್ನೊಬ್ಬ ಮೂಗನಾದ. ಯಾರು ಹೆಚ್ಚು ಎಂಬ ಜಗಳ ಮಾತ್ರ ಅಲ್ಲಿಂದ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಹೆಡತಲೆಯ ಪ್ರಾಕ್ಟೀಸು ಮುಗಿಸಿ ಟೀ ಅಂಗಡಿಯ ಮುಂದೆ ನಿಂತರೆ ಇದೇ ಮಾತು.

“ಸುದ್ದಿನ ಎಂಗ್ ಸುತ್ತಾಕ್ಕಂಡ್ ಬಂದ ನೋಡ್ದಾ ಪಾದ್ರಿ? ಮೊದ್ಲು ಮಳೆ ಮಾತು, ಆಮೇಕೆ ಕತ್ತೆ ಮಾತು, ಆಮೇಕೆ ದಾರಿ ಮಾತು. ಟೋಪಿನ ಕೈಯಾಗೆ ತಿರುಗುಸ್ತಾನೇ ಅವ್ನೆ. ಸುದ್ದಿ ಬಾಯಿಗೆ ಬಂದೇಟ್ಗೆ ಟೋಪಿ ನಿಂತೋಯ್ತದೆ. ಅದು ಪಾರ್ಟು ಅಂದ್ರೆ.”

“ಒಪ್ದೆ. ಆದ್ರೆ ಮೂಗ ನೀರು ಕೊಟ್ಟಿದ್ದು ನೋಡ್ದಾ?” ಎನ್ನುತ್ತಿದ್ದ ಕಾಂತರಾಜು. ಮಗನ ಕೊರಳಿಗೆ ಹಗ್ಗ ಬಿದ್ದದ್ದನ್ನು ಪಾದ್ರಿ ಹೇಳುತ್ತಿರುವಾಗ ಮುದುಕ ಪಕ್ಕದಲ್ಲಿದ್ದ ನೀರಿನ ಲೋಟವನ್ನು ಪಾದ್ರಿಯ ಕಡೆಗೆ ಸರಿಸುತ್ತಾನೆ. ಇಡೀ ಸಿನಿಮಾದಲ್ಲಿ ಅದಕ್ಕಿಂತ ದೊಡ್ಡದು ಬೇರೆ ಇಲ್ಲ ಎಂದು ಕಾಂತರಾಜುವಿನ ವಾದ.

“ನೀರ್ ಕೊಡೋದು ಆಕ್ಟಿಂಗಾ? ನಮ್ಮನೆಗೆ ಬಂದೋರ್ಗೆಲ್ಲ ಕೊಡ್ತೀವಿ. ಕರೆಂಟ್ ಬಿಲ್ ತರೋನ್ಗೂ ಕೊಡ್ತೀವಿ. ಸುಮ್ಕೆ ಕೂತ್ಕಳೋದ್ಕೆ ಪಾರ್ಟ್ ಅಂತ ಯಾಕಂತೀಯ. ನಮ್ಮಂಗ್ಡಿ ಮುಂದೆ ಎತ್ತೂ ಸುಮ್ಕೆ ನಿಂತ್ಕತದೆ. ಅದ್ಕೂ ಶಾಲು ಒದ್ಸು.”

ಮೇಷ್ಟ್ರು ಟೀ ಊದುತ್ತ, “ಇವ್ರಿಬ್ರೂ ಸತ್ರೂ ಈ ಕತ್ತೆ ಸಾಯಲ್ಲ” ಅನ್ನುತ್ತಿದ್ದರು.

ಆಮೇಲೆ ಗಂಗಾಧರಸ್ವಾಮಿಯ ಗಂಟಲು ಕೆಟ್ಟಿತು. ಮೊದಲು ಗೊಗ್ಗರಾಯಿತು. ನಾಟಕದವರಿಗೆ ಅದೇನು ಹೊಸದಲ್ಲವೆಂದು ಮೆಣಸು, ಜ್ಯೇಷ್ಠಮಧು ಅಗಿಯುತ್ತ ಕೂತ. ಮೈಸೂರಿನ ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಸಿರಾಡಲು ಕತ್ತಿನ ಮುಂದೆ ಒಂದು ತೂತು, ಅದರ ಮೇಲೆ ಬಿಳಿಯ ಬಟ್ಟೆ. ಧೂಳಿಗೆ ಹೋಗಬಾರದು, ಜನಜಂಗುಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಅಂಗಡಿಯಲ್ಲಿ ಹೆಂಡತಿ ಯಶೋಧರಾ ಕೂತಳು. ಮಗಳು ಶ್ವೇತ ಮೈಸೂರಿನಿಂದ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು.

ಅವನು ಸಂದೇಶ ಕಳಿಸಬೇಕಾದರೂ ಫೋನಿಗೆ ಬಾಯಿ ಕೊಟ್ಟು ಮಾತಾಡಿಯೇ ಕಳಿಸುತ್ತಿದ್ದವನು. ಈಗ ಒಂದೊಂದೇ ಅಕ್ಷರ ಹುಡುಕಿ ಒತ್ತುವುದನ್ನು ಕಲಿತ. ಮೊದಲ ತಿಂಗಳು ಊಟ ಆಯಿತು, ಮಲಗಿದೆ ಎಂದಷ್ಟೇ. ಆಮೇಲೆ ಒಂದು ಮಧ್ಯಾಹ್ನ ಕಾಂತರಾಜುವಿಗೆ ಉದ್ದನೆಯ ಸಂದೇಶ ಬಂತು. ಶ್ವೇತಳಿಗೆ ಕಥೆ ಬರೆದು ತೋರಿಸಿ ಹುಡುಕಿಸಿ, ಫೋನಿನಲ್ಲೇ ಹೇಸರಗತ್ತೆ ಪಿಕ್ಚರ್ ಹಾಕಿಸಿಕೊಂಡು ಮತ್ತೆ ಮತ್ತೆ ನೋಡಿದ್ದನಂತೆ.

‘ಕಾಂತ, ಪಾದ್ರಿ ಚೆನ್ನಾಗೇ ಮಾಡವ್ನೆ. ಆದ್ರೆ ಮೂಗ ಬಾಯಿ ತೆಗೆಯೋ ಹಂಗೆ ಮಾಡ್ದಾಗ ಪಾದ್ರಿ ಕಣ್ಣು ನೋಡು. ಅವನು ಕೇಳಿಸ್ಕೊತಾ ಇಲ್ಲ. ತನ್ನ ಮುಂದಿನ ಮಾತಿಗೆ ಕಾಯ್ತಾವ್ನೆ. ಮೂಗ ಪ್ರತಿ ಮಾತೂ ಕೇಳಿಸ್ಕೊಂಡವ್ನೆ. ಪಾದ್ರಿ ಗಂಟಲು ಒಣಗಿದ್ದೂ ಕೇಳಿಸ್ಕೊಂಡವ್ನೆ, ಅದಕ್ಕೇ ನೀರು. ನಾನೂ ಇಷ್ಟು ವರ್ಷ ಕಾಯ್ತಾ ಇದ್ದೆ ಕಣೋ. ಸ್ಟೇಜ್ ಮೇಲೂ, ಅಂಗಡೀಲೂ, ಮನೇಲೂ.’

ಕಾಂತರಾಜು ಅದನ್ನು ಓದಿ ‘ಹಾಗಾದರೆ ನಾನು ಗೆದ್ದೆ’ ಎಂದು ಬರೆದ. ತಕ್ಷಣವೇ ಉತ್ತರ ಬಂತು. ‘ಇನ್ನೂ ಇಲ್ಲ. ನಾನು ಪಾಳೇಗಾರನ ಪಾರ್ಟು ಮಾಡ್ತೀನಿ. ಮಾತಿಲ್ದೆ ಆಗುತ್ತೋ ಇಲ್ವೋ ನೋಡೇಬಿಡಾಣ. ಮನೇಲಿ ಹೇಳ್ಬೇಡ.’

ಹಳೆಯ ಪಾಳೇಗಾರ ತಂಡ ಬಿಟ್ಟು ಆ ಪಾರ್ಟು ಖಾಲಿಯಿದ್ದರೂ ಮೇಷ್ಟ್ರು ಮೊದಲು ಒಪ್ಪಲಿಲ್ಲ. “ಪಾಳೇಗಾರನ ಕಂದಪದ್ಯ ಯಾರು ಹಾಡ್ತಾರೆ? ನಾನಾ? ಬಾಯಿಲ್ದಿರೋ ದೊರೆನ ಕೂರ್ಸಿದ್ರೆ ಜನ ಚಪ್ಲಿ ಎಸೀತಾರೆ ಕಣ್ರೀ ಲೆಕ್ಚರರೇ,” ಎಂದರು. ಕಾಂತರಾಜು ನಾಟಕದ ಪ್ರತಿಯನ್ನು ಮುಂದಿಟ್ಟುಕೊಂಡು ಪಾಳೇಗಾರನ ಹಾಡುಗಳಲ್ಲಿ ಕೆಲವನ್ನು ದಳವಾಯಿಗೆ ಕೊಟ್ಟ, ಕೆಲವನ್ನು ತೆಗೆದ. ಪಾಳೇಗಾರನ ಬಾಯಿಗೆ ಒಂದು ಅಕ್ಷರವೂ ಉಳಿಯಲಿಲ್ಲ. ದಳವಾಯಿಯ ಪಾರ್ಟು ಈಗ ಹೆಡತಲೆಯಲ್ಲೇ ಮೊಬೈಲ್ ರಿಪೇರಿ ಮಾಡುವ ನಂಜೇಶನದು. ಒಳ್ಳೆ ಕಂಠ, ಆದರೆ ಎಲ್ಲದಕ್ಕೂ ಗಂಗಾಧರಸ್ವಾಮಿಯನ್ನೇ ಅನುಕರಿಸುತ್ತಿದ್ದ. “ಅಣ್ಣ ಮುಂದೆ ಕೂತ್ರೆ ನಂಗೆ ಹಾಡೇ ಮರ್ತೋಯ್ತದೆ ಸಾ,” ಎಂದು ಅವನೂ ಗೊಣಗಿದ. ಕೊನೆಗೆ ಮೇಷ್ಟ್ರು, “ಒಂದ್ ದಿನ ನೋಡನ. ಆಗ್ದಿದ್ರೆ ಮುಲಾಜಿಲ್ಲ,” ಎಂದು ಒಪ್ಪಿದರು.

ಹೆಡತಲೆಯ ಸಮುದಾಯ ಭವನದಲ್ಲಿ ಒಂದು ಭಾನುವಾರ ಬೆಳಿಗ್ಗೆ ಪ್ರಾಕ್ಟೀಸು. ಸಿಂಹಾಸನಕ್ಕೆ ಬದಲು ಒಂದು ಮರದ ಬೆಂಚು. ಗಂಗಾಧರಸ್ವಾಮಿ ಕತ್ತಿಗೆ ಬಟ್ಟೆ ಸುತ್ತಿ, ಅದರ ಮೇಲೆ ಶಾಲು ಹೊದ್ದು, ಬೆಂಚಿನ ನಡುವೆ ಕೂತ. ಕಾಂತರಾಜು ಪ್ರತಿ ಹಿಡಿದು ಪಕ್ಕದಲ್ಲಿ ನಿಂತ. ನಂಜೇಶ ಬಂದು ಕೈ ಮುಗಿದು ಹಾಡತೊಡಗಿದ.

ಹುಡುಗ ಕುದುರೆ ಹತ್ತಿದ ಹಾಡು ಬಂದಾಗ ಗಂಗಾಧರಸ್ವಾಮಿ ನಂಜೇಶನ ಮುಖ ನೋಡುತ್ತಿದ್ದ, ಅಷ್ಟೇ. ಅಪ್ಪನೊಬ್ಬ ಮಗನ ಸುದ್ದಿ ಕೇಳುವಾಗ ಇರುವಂತೆ, ಸ್ವಲ್ಪ ಹೆಮ್ಮೆಯಿಂದ. ನುಗ್ಗಿದ ಹಾಡಿಗೆ ಆ ಹೆಮ್ಮೆ ಹಾಗೇ ಇತ್ತು. ಆದರೆ ದಳವಾಯಿ ಒಬ್ಬನೇ ಬಂದಿದ್ದಾನೆ ಎಂಬುದು ಅವನಿಗೆ ಆಗ ತಾನೇ ತಿಳಿದಂತಾಯಿತು. ಅದು ಹೇಗೆ ಕಂಡಿತು ಎಂದು ಕೇಳಿದರೆ ಕಾಂತರಾಜು ಹೇಳಲಾರ. ಹುಬ್ಬು ಏರಲಿಲ್ಲ, ಕೈ ಅಲುಗಲಿಲ್ಲ. ಕಾಂತರಾಜುವಿನ ಬೆರಳು ಪ್ರತಿಯ ಸಾಲಿನ ಮೇಲಿತ್ತು, ಕಣ್ಣು ಅಲ್ಲಿರಲಿಲ್ಲ. ಬಿದ್ದ ಹಾಡಿನ ನಡುವೆ ನಂಜೇಶನ ದನಿ ಸಿಕ್ಕಿಕೊಂಡಿತು. ಆಗ ಪಾಳೇಗಾರ ಬೆಂಚಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಖಾಲಿಯಾದ ಜಾಗವನ್ನು ಅಂಗೈಯಿಂದ ಒರೆಸಿ, ದಳವಾಯಿಗೆ ಕೂರಲು ಸನ್ನೆ ಮಾಡಿದ.

ದೊರೆಯ ಪಕ್ಕ ದಳವಾಯಿ ಕೂರುವುದು ನಾಟಕದಲ್ಲಿ ಇಲ್ಲ. ಆದರೂ ನಂಜೇಶ ಕೂತ. ಕೂತವನು ಹಾಡನ್ನು ಹಾಡಲಿಲ್ಲ, ಉಳಿದದ್ದನ್ನು ಮಾತಿನಲ್ಲಿ ಹೇಳಿದ, ಒಬ್ಬರ ಮನೆಗೆ ಹೋಗಿ ಸಾವು ತಿಳಿಸುವಾಗ ಹೇಳುವಂತೆ. ಮೇಷ್ಟ್ರ ಕೈ ಹಾರ್ಮೋನಿಯಂ ತಿದಿಯ ಮೇಲೇ ಇತ್ತು. ತಿದಿ ಒತ್ತುವುದನ್ನು ಅವರು ಮರೆತಿದ್ದರು.

ಮುಗಿದ ಮೇಲೆ ಮೇಷ್ಟ್ರು ಕೆಮ್ಮಿ, “ಊಂ, ನಾಟ್ಕಕ್ಕೆ ಇವ್ರೇ ಇರ್ಲಿ,” ಎಂದರು. ಅದು ಹೊಗಳಿಕೆಯಾಗದಿರಲಿ ಎಂದು ನಂಜೇಶನ ಕಡೆ ತಿರುಗಿ, “ನೀನ್ಯಾಕ್ಲಾ ಹಾಡು ಬುಟ್ಟೆ, ಬೋಳಿಮಗನೆ,” ಎಂದು ಬೈದರು.

ಹೊರಗೆ ಬಸ್ಸಿಗೆ ಕಾಯುತ್ತ ನಿಂತಾಗ ಗಂಗಾಧರಸ್ವಾಮಿ ಫೋನು ತೆಗೆದು ಒತ್ತಿ ಕಾಂತರಾಜುವಿನ ಮುಂದೆ ಹಿಡಿದ. ‘ಪಾದ್ರಿಯೋ ಮೂಗನೋ?’

ಕಾಂತರಾಜುವಿನ ಬಾಯಲ್ಲಿ ಉತ್ತರ ಇತ್ತು. ಇಬ್ಬರೂ ಅಲ್ಲ, ಆ ಮೂಗ ಇವತ್ತು ನಿನ್ನನ್ನು ನೋಡಬೇಕಿತ್ತು ಎಂಬುದೇ ಆ ಉತ್ತರ. ಆದರೆ ಹೇಳಲಿಲ್ಲ. “ಬಣ್ಣ ಅಳುಸ್ದ ಮೇಲೆ ಯೋಳ್ತೀನಿ,” ಎಂದ.

ಗಂಗಾಧರಸ್ವಾಮಿ ಮತ್ತೆ ಒತ್ತಿದ. ‘ಬಣ್ಣ ಹಚ್ಚೇ ಇಲ್ವಲ್ಲಾ, ಅಳಿಸೋದೇನು. ಈಗ್ಲೇ ಹೇಳು.’

“ಮೇಷ್ಟ್ರುಗೆ ಗೊತ್ತಾದ್ರೆ ನನ್ನೂ ಆಚೆಗಾಕ್ತಾರೆ. ಇನ್ನೊಂದೆರಡು ವಾರ ತಡ್ಕೊ.”

ಗಂಗಾಧರಸ್ವಾಮಿ ನಕ್ಕ. ಅವನ ನಗುವಿಗೆ ಈಗ ಶಬ್ದವಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ನಂಜನಗೂಡಿನ ಬಸ್ಸು ಮೊದಲು ಬಂತು. ಅವನು ಹತ್ತಿ, ಕಿಟಕಿಯಿಂದ ಕೈ ಹೊರಗೆ ಹಾಕಿ, ಇರಲಿ ನೋಡ್ಕೋತೀನಿ ಎನ್ನುವಂತೆ ಬೆರಳು ಆಡಿಸಿದ.

ಅಷ್ಟರಲ್ಲಿ ಚುನಾವಣೆಯ ನೀತಿ ಸಂಹಿತೆ ಬಂತು. ಮೈಕಿಗೆ ಪರ್ಮಿಷನ್ ಸಿಗದೆ ನಾಟಕ ಮುಂದಕ್ಕೆ ಹೋಯಿತು. ಪ್ರಾಕ್ಟೀಸೂ ನಿಂತಿತು. ಆ ನಡುವೆ ಗಂಗಾಧರಸ್ವಾಮಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಕಾಂತರಾಜು ನಂಜನಗೂಡಿಗೆ ಹೋದಾಗ ಅವನು ಕಣ್ಣು ಮುಚ್ಚಿ ಮಲಗಿದ್ದ. ನೆಂಟರು ಸುತ್ತ ಇದ್ದರು. ನಾಳೆ ಮತ್ತೆ ಬಂದು ಮಾತಾಡಿಸುತ್ತೇನೆ ಎಂದುಕೊಂಡು ಕಾಂತರಾಜು ಎದ್ದುಬಂದ. ಬೆಳಗ್ಗೆ ಶ್ವೇತ ಫೋನು ಮಾಡಿದಳು. ಚಿಕ್ಕಯ್ಯನಛತ್ರದ ತೋಟದಲ್ಲಿ, ತಮ್ಮವರ ಪದ್ಧತಿಯಂತೆ, ಅವನನ್ನು ಕೂರಿಸಿಯೇ ಮಣ್ಣು ಮಾಡಿದರು. ವಿಭೂತಿ ಹಚ್ಚಿದ ಆ ಮುಖವನ್ನು ಕಾಂತರಾಜು ಹೆಚ್ಚು ಹೊತ್ತು ನೋಡಲಾರದೆ ಜನರ ಹಿಂದಕ್ಕೆ ಸರಿದ.

ಚುನಾವಣೆ ಮುಗಿದು ನಾಟಕವಾಯಿತು. ಪಾಳೇಗಾರನ ಪಾರ್ಟಿಗೆ ನರಸೀಪುರದ ಕಡೆಯವನೊಬ್ಬ ಬಂದ. ಹಾಡುಗಳನ್ನೆಲ್ಲ ಅವನಿಗೆ ವಾಪಸ್ಸು ಕೊಡಬೇಕಾಯಿತು. ಜನ ಒನ್ಸ್ ಮೋರ್ ಅಂದರು. ಬಣ್ಣ ಅಳಿಸಿದ ಮೇಲೆ ಕಾಂತರಾಜು ಅವನಿಗೆ ಚೆನ್ನಾಗಿತ್ತು ಎಂದ. ಆ ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತಲ್ಲ ಎಂದು ಅವನಿಗೆ ಸಂಕಟವಾಯಿತು.

ಅದಾದ ವಾರ ಅವನು ನಂಜನಗೂಡಿಗೆ ಹೋದ. ಪ್ರಶ್ನೆ ಕೇಳಿದವನು ಇಲ್ಲ, ಅವನ ಹೆಂಡತಿಗಾದರೂ ಹೇಳಬೇಕು ಎಂಬುದಷ್ಟೇ ಮನಸ್ಸಿನಲ್ಲಿತ್ತು. ಯಶೋಧರಾ ಅಂಗಡಿಯಲ್ಲಿ ಒಬ್ಬಳೇ ಇದ್ದಳು. ಸ್ಟೂಲು ಎಳೆದುಕೊಟ್ಟು, ಕಾಫಿಗೆ ಹೇಳಿಕಳಿಸಿದಳು. ಕಾಂತರಾಜು ಹೇಸರಗತ್ತೆ ಪಿಕ್ಚರಿನಿಂದ ಶುರುಮಾಡಿ, ಪಾದ್ರಿಯ ಟೋಪಿ, ಮೂಗನ ನೀರು, ಹೆಡತಲೆಯ ಬೆಂಚು, ಎಲ್ಲ ಹೇಳಿದ. “ಆ ಇಬ್ರೂ ನಮ್ಮ ಗಂಗಾಧರನ ಮುಂದೆ ಏನೂ ಅಲ್ಲ ಕಣಮ್ಮ. ನಾನು ನೋಡಿದೀನಿ,” ಎಂದ.

ಅವಳು ಮೂಗುದಾರದ ಕಟ್ಟೊಂದನ್ನು ಎತ್ತಿಕೊಂಡು ಸುತ್ತತೊಡಗಿದಳು.

“ಎಡತಲೆಗೆ ಓಗಿದ್ದು ಅದ್ಕಾ ಅಣ್ಣ? ಮೇಷ್ಟ್ರ ಮಾತಾಡ್ಸ್ಕೊಂಡ್ ಬತ್ತೀನಿ ಅಂತ ಬರ್ದು ತೋರ್ಸಿದ್ರು.”

“ಊಂ. ನಿಮ್ಗೆ ಗೊತ್ತಾದ್ರೆ ಬೇಡ ಅಂತೀರಿ ಅಂತ.”

“ಅಂತಿದ್ದೆ. ಧೂಳು ಆಗ್ದು ಅಂತ ಡಾಕ್ಟ್ರು ಹೇಳಿದ್ರಲ್ಲ.” ಅವಳು ಕೈಯಲ್ಲಿದ್ದ ಮೂಗುದಾರದ ಕಟ್ಟನ್ನು ಕೆಳಗಿಟ್ಟಳು. “ಮನೇಲೂ ಅದ ಮಾಡ್ತಿದ್ರಾ?”

“ಯಾವುದ?”

“ಆ ಕೇಳೋ ಪಾರ್ಟ. ಶಿವರಾತ್ರಿ ಆದ್ಮೇಲಿಂದ ದಿನಾ ಸಾಯಂಕಾಲ ಅಡ್ಗೆಮನೆಗೆ ಬಂದು ಮಣೆ ಹಾಕ್ಕೊಂಡು ಕೂರೋರು. ಮಾತಾಡು ಅಂತ ಕೈ ಮಾಡೋರು. ನಾನೇನ್ ಮಾತಾಡ್ಲಿ ಅಂತಿದ್ದೆ ಮೊದ್ಲು. ಆಮೇಲೆ ನಮ್ಮವ್ವ ಸತ್ತಿದ್ದು, ಶ್ವೇತನ ಹಿಂದೆ ಒಂದು ಗಂಡುಮಗ ಹೋಯ್ತಲ್ಲ, ಅದು, ಎಲ್ಲಾ ಹೇಳ್ದೆ ಅಣ್ಣ. ಅವ್ರು ಮಧ್ಯ ಎದ್ದೋಗ್ಲಿಲ್ಲ, ಫೋನ್ ನೋಡ್ಲಿಲ್ಲ. ನನ್ ಮೊಖಾನೇ ನೋಡೋರು. ಮದ್ವೆಯಾದಾಗಿಂದ ನನ್ ಮಾತ ಪೂರ್ತಿ ಕೇಳಿದ್ದು ಅವಾಗ್ಲೇ. ಗಂಟ್ಲು ಹೋದ್ರೆ ಹೋಗ್ಲಿ, ಕಿವಿ ಬಂತು ಅನ್ಕೊಂಡಿದ್ದೆ.” ಅವಳು ಕಾಂತರಾಜುವಿನ ಮುಖ ನೋಡಿದಳು. “ಅದು ಪ್ರಾಕ್ಟೀಸಾ ಅಣ್ಣ?”

ಗಂಗಾಧರಸ್ವಾಮಿ ಪಾರ್ಟು ಹಿಡಿದದ್ದೂ ಶಿವರಾತ್ರಿಯ ಆಸುಪಾಸಿನಲ್ಲೇ ಎಂಬುದು ಕಾಂತರಾಜುವಿನ ನೆನಪಿಗೆ ಬಂತು. ಎರಡರಲ್ಲಿ ಯಾವುದು ಮೊದಲು ಎಂದು ಅವನಿಗೆ ತಿಳಿಯದು. ಕೇಳಲು ಯಾರೂ ಇರಲಿಲ್ಲ. ಹಿಂದೆಯಾಗಿದ್ದರೆ, ಯೋಚಿಸಿ ಹೇಳುತ್ತೇನೆ ಎನ್ನುತ್ತಿದ್ದನೇನೋ.

“ಅಲ್ಲ ಕಣಮ್ಮ,” ಎಂದ.

“ನಿಮ್ಗೆಂಗೆ ಗೊತ್ತು?”

“ಹೆಡತಲೇಲಿ ಅವನು ಕೂತಿದ್ದು ನೋಡಿದ್ನಲ್ಲ. ಸುಳ್ಳು ಸುಳ್ಳೇ ಕೇಳಿಸ್ಕೊಂಡು ಕಲ್ತೋನು ಹಂಗೆ ಕೂರಕಾಗಲ್ಲ. ಮನೇಲಿ ನಿಮ್ಮನ್ನ ಕೇಳಿಸ್ಕೊಂಡಿದ್ದ, ಅದಕ್ಕೇ ಅಲ್ಲಿ ಬಂತು.”

ಅದು ನಿಜವೋ ಅಲ್ಲವೋ ಹೇಳುವಾಗ ಅವನಿಗೆ ಗೊತ್ತಿರಲಿಲ್ಲ. ಹೇಳಿದ ಮೇಲೆ, ಬೇರೆ ಇರಲಾರದು ಅನ್ನಿಸಿತು. ಯಶೋಧರಾ ಸೆರಗಿನಿಂದ ಮುಖ ಒರೆಸಿಕೊಂಡಳು. ಕಾಫಿ ಬಂತು. ಲೋಟವನ್ನು ಅವನ ಕೈಗೆ ಕೊಡುತ್ತ, “ಇದ ಅವ್ರಿಗೆ ಹೇಳ್ಬೇಕಿತ್ತು ಅಣ್ಣ ನೀವು,” ಎಂದಳು. “ಎಡತಲೆಯಿಂದ ಬಂದ ದಿನ ಊಟಾನೇ ಸರಿಯಾಗಿ ಮಾಡ್ಲಿಲ್ಲ. ಆಮೇಲೂ ಅಷ್ಟೇ, ಫೋನ್ ಸದ್ದು ಮಾಡಿದ್ರೆ ಕಾಂತನಾ ಅಂತ ತಿರುಗಿ ನೋಡೋರು. ಯಾಕೆ ಅಂತ ನಂಗೇನು ಗೊತ್ತು.”

ಕಾಂತರಾಜು ಲೋಟ ಹಿಡಿದುಕೊಂಡೇ ಕೂತ.

“ಹೇಳ್ಬೇಕಿತ್ತು ಕಣಮ್ಮ,” ಎಂದ.